ಹಾಲು ಸಾಲುತ್ತಿತ್ತೇ ಎಂದು ಕೇಳುವವರಿಗೆ

ಮಗು ಹುಟ್ಟಿದಾಗ ಎಲ್ಲರೂ ನನ್ನನ್ನು ಕೇಳಿದ, ಈಗಲೂ ಆ ದಿನಗಳ ಮಾತು ಬಂದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: ‘ಹಾಲು ಸಾಲುತ್ತಿತ್ತೇ?’ ಸಾಲುತ್ತಿತ್ತು. ಇಷ್ಟೇ ಬೇಕಿದ್ದವರು ಇಲ್ಲಿಗೇ ಓದು ನಿಲ್ಲಿಸಬಹುದು. ಆದರೆ ಈ ಉತ್ತರಕ್ಕೆ ಸಮಾಧಾನಪಟ್ಟವರನ್ನು ನಾನು ಇನ್ನೂ ಕಂಡಿಲ್ಲವಾದ್ದರಿಂದ, ಒಮ್ಮೆ ಬರೆದೇ ಮುಗಿಸುತ್ತೇನೆ.

ಆಗ ಇದನ್ನು ಯಾರೂ ನೇರವಾಗಿ ಕೇಳುತ್ತಿರಲಿಲ್ಲ. ಮಗು ಅತ್ತರೆ ‘ಪಾಪ, ಹಾಲು ಸಾಲುತ್ತಿಲ್ಲವೇನೋ’ ಎನ್ನುವರು. ಮಲಗಿದರೆ ‘ಹಾಲಿಲ್ಲದೆ ಸೋತು ಮಲಗಿದೆಯೇನೋ’ ಎನ್ನುವರು. ಮಗು ಏನು ಮಾಡಿದರೂ ತೀರ್ಪು ಮಾತ್ರ ನನ್ನ ವಿರುದ್ಧವೇ. ನವಜಾತ ಶಿಶು ದಿನಕ್ಕೆ 8ರಿಂದ 12 ಸಲ ಹಾಲು ಕೇಳುವುದು, ಸಂಜೆಯಾದರೆ ಬಿಟ್ಟೂ ಬಿಡದೆ ಗಂಟೆಗಟ್ಟಲೆ ಕೇಳುವುದು ಸಹಜ. ಹಾಲು ಸಾಲುತ್ತಿದೆಯೇ ಎಂದು ತಿಳಿಯಲು ಬೇರೆ ಗುರುತುಗಳಿವೆ: ಐದನೆಯ ದಿನದ ಹೊತ್ತಿಗೆ ದಿನಕ್ಕೆ 6 ಅಥವಾ ಹೆಚ್ಚು ಡೈಪರುಗಳು ಚೆನ್ನಾಗಿ ಒದ್ದೆಯಾಗಬೇಕು, ಕಪ್ಪು ಮಲ ಹಳದಿಗೆ ತಿರುಗಬೇಕು, ಮೊದಲಿಗೆ ತುಸು ಇಳಿದ ತೂಕ ಸುಮಾರು ಎರಡು ವಾರದೊಳಗೆ ಹುಟ್ಟಿದಾಗಿನ ಮಟ್ಟಕ್ಕೆ ಮರಳಬೇಕು. ಮಗುವನ್ನು ನೋಡಲು ಬಂದವರು ಬಹಳ. ಒದ್ದೆ ಡೈಪರನ್ನು ನೋಡಲು ಬಂದವರು ಯಾರೂ ಇಲ್ಲ.

ಮೊದಲೆರಡು ದಿನ ಬರುವುದು ಗಟ್ಟಿಯಾದ ಹಳದಿ ಹಾಲಿನ ಹನಿಗಳಷ್ಟೇ. ಮೊದಲ ದಿನದ ಮಗು ಒಂದು ಸಲಕ್ಕೆ ಕುಡಿಯುವುದೂ ಹೆಚ್ಚೆಂದರೆ ಒಂದೆರಡು ಚಿಕ್ಕ ಚಮಚೆಯಷ್ಟು. ಮಾಸು ಹೊರಬಿದ್ದು, ಬಸಿರಿನ ಹಾರ್ಮೋನಾದ ಪ್ರೊಜೆಸ್ಟರಾನ್ ಮಟ್ಟ ಇಳಿದ ಮೇಲೆಯೇ ಹಾಲು ತುಂಬಿಕೊಳ್ಳಲು ಆರಂಭವಾಗುತ್ತದೆ. ಅದಕ್ಕೆ ಸಾಮಾನ್ಯವಾಗಿ 2ರಿಂದ 4 ದಿನ ಹಿಡಿಯುತ್ತದೆ, ಸಿಸೇರಿಯನ್ ಆಗಿದ್ದರೆ ಇನ್ನೂ ತಡವಾಗಬಹುದು. ನೋಡಲು ಬರುವವರು ಮಾತ್ರ ಸರಿಯಾಗಿ ಈ ದಿನಗಳಲ್ಲೇ ಬರುತ್ತಾರೆ.

ಒಂದು ಭೇಟಿಯನ್ನಂತೂ ನಾನು ಮರೆಯಲಾರೆ. ತೊಟ್ಟು ಬಿರಿದು, ಮಗುವಿನ ಬಾಯಿ ತಾಕಿದರೆ ಕಣ್ಣಲ್ಲಿ ನೀರು ಬರುತ್ತಿದ್ದುದರಿಂದ, ಪಂಪಿನಿಂದ ಹಾಲು ತೆಗೆಯುತ್ತಿದ್ದ ದಿನಗಳವು. ಹಿರಿಯ ಸಂಬಂಧಿಯೊಬ್ಬರು ಮೇಜಿನ ಮೇಲಿದ್ದ ಬಾಟಲಿಯನ್ನೆತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಅಳತೆಯ ಗೆರೆಗಳನ್ನು ರಕ್ತಪರೀಕ್ಷೆಯ ವರದಿ ಓದುವವರಂತೆ ಓದಿ, ‘ಇಷ್ಟೇನಾ?’ ಎಂದರು. ನಾನು ಬಾಟಲಿಯನ್ನು ಕಸಿದುಕೊಂಡು ಫ್ರಿಜ್ಜಿಗೆ ಸೇರಿಸಿದೆ. ಹಿರಿಯರ ಕೈಯಿಂದ ಹಾಗೆ ಕಸಿಯಬಾರದಿತ್ತು ಎಂದು ಮನೆಯವರು ಆಮೇಲೆ ಹೇಳಿದರು. ಕಸಿಯಬೇಕಿತ್ತು ಎಂದೇ ನನ್ನ ಅಭಿಪ್ರಾಯ. ಅವರು ಅಳೆದದ್ದು ಪಂಪನ್ನು. ಅದರ ಬಾಯಿ ತೊಟ್ಟಿನ ಅಳತೆಗೆ ಹೊಂದದಿದ್ದರೆ ಹಾಲು ಸರಿಯಾಗಿ ಬರುವುದಿಲ್ಲ; ನೋವು, ಗಾಬರಿ ಇದ್ದಾಗ ಹಾಲನ್ನು ಹೊರಕ್ಕೆ ಹರಿಸುವ ಆಕ್ಸಿಟೋಸಿನ್ ಹಾರ್ಮೋನು ಹಿಂಜರಿಯುತ್ತದೆ; ಚೆನ್ನಾಗಿ ಬಾಯಿ ಹಚ್ಚಿದ ಮಗು ಸಾಮಾನ್ಯವಾಗಿ ಯಂತ್ರಕ್ಕಿಂತ ಹೆಚ್ಚು ಹಾಲು ತೆಗೆಯುತ್ತದೆ. ಮೊದಲ ದಿನಗಳ ಗಟ್ಟಿ ಹಾಲಿಗಂತೂ ಕೈಯೇ ಮೇಲು. ಹೆಬ್ಬೆರಳು, ತೋರುಬೆರಳುಗಳನ್ನು ತೊಟ್ಟಿನಿಂದ ತುಸು ಹಿಂದಿಟ್ಟು, ಎದೆಯ ಕಡೆಗೆ ಒತ್ತಿ, ಚರ್ಮದ ಮೇಲೆ ಜಾರಿಸದೆ ಹಿಂಡಿ ಬಿಡುತ್ತ, ಬಂದ ಹನಿಗಳನ್ನು ಚಮಚೆಗೆ ಹಿಡಿಯಬೇಕು.

‘ಇಷ್ಟೇನಾ’ ಎಂಬ ಮಾತು ಆಡಿದವರ ಬಾಯಲ್ಲೇ ಮುಗಿಯುವುದಿಲ್ಲ. ಎದೆಯಲ್ಲಿ ಹಾಲು ಉಳಿದಷ್ಟೂ ಹೊಸ ಹಾಲು ಕಡಿಮೆಯಾಗುತ್ತದೆ, ಬರಿದಾದಷ್ಟೂ ಹೆಚ್ಚುತ್ತದೆ. ಹೆದರಿದ ತಾಯಿ ಪುಡಿಹಾಲು ಕೊಡುತ್ತಾಳೆ, ಹೊಟ್ಟೆ ತುಂಬಿದ ಮಗು ಮೊಲೆಗೆ ಬರುವುದು ಕಡಿಮೆಯಾಗುತ್ತದೆ, ಹಾಲೂ ಇಳಿಯುತ್ತದೆ. ಆಗ ಕೇಳಿದವರೇ ‘ನಾನು ಆಗಲೇ ಹೇಳಿರಲಿಲ್ಲವೇ’ ಎನ್ನುತ್ತಾರೆ. ಪುಡಿಹಾಲು ಕೊಟ್ಟವರನ್ನು ನಾನು ದೂರುತ್ತಿಲ್ಲ. ತೂಕ ತೀರ ಇಳಿದು ವೈದ್ಯರು ಹೇಳಿದಾಗ ಕೊಡಲೇಬೇಕು. ನಿಜವಾಗಿಯೇ ಹಾಲು ಸಾಲದ ತಾಯಂದಿರೂ ಇದ್ದಾರೆ, ಅವರ ಮುಂದೆ ಈ ಪ್ರಶ್ನೆ ಇನ್ನಷ್ಟು ನಿರ್ದಯವಾದದ್ದು.

ಕೇಳದೆ ಇರಲಾಗದಿದ್ದರೆ, ‘ನೋವಾಗುತ್ತಿದೆಯೇ?’ ಎಂದು ಕೇಳಿ. ನನ್ನನ್ನು ಹಾಗೆ ಕೇಳಿದ್ದು ಒಬ್ಬ ನರ್ಸ್ ಮಾತ್ರ. ಹೌದೆಂದ ಕೂಡಲೇ ಆಕೆ ಪಕ್ಕದಲ್ಲಿ ಕುಳಿತು, ಮಗು ತೊಟ್ಟಿನ ತುದಿಯನ್ನಷ್ಟೇ ಕಚ್ಚಿಕೊಂಡಿರುವುದನ್ನು ತೋರಿಸಿದರು. ಮಗುವಿನ ಬಾಯಿಯ ಮೂಲೆಗೆ ಕಿರುಬೆರಳು ತೂರಿಸಿ ಮೆಲ್ಲನೆ ಬಿಡಿಸಬೇಕು; ಮೂಗು ತೊಟ್ಟಿನ ನೇರಕ್ಕೆ ಬರುವಂತೆ ಹಿಡಿದು, ಬಾಯಿ ಅಗಲವಾಗಿ ತೆರೆಯುವ ತನಕ ಕಾದು, ಗದ್ದ ಮೊದಲು ತಾಕುವಂತೆ ಹತ್ತಿರ ತರಬೇಕು; ತೊಟ್ಟಿನ ಜೊತೆಗೆ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಿ, ಕೆಳತುಟಿ ಹೊರಮಡಚಿಕೊಂಡಿರಬೇಕು. ಆರಂಭದಲ್ಲಿ ಕ್ಷಣಕಾಲ ಎಳೆತದ ನೋವಿರಬಹುದು, ಕುಡಿಯುವಷ್ಟು ಹೊತ್ತೂ ಇದ್ದರೆ ಮತ್ತೆ ಬಿಡಿಸಿ ಹಚ್ಚಬೇಕು. ಮೊಲೆ ಒಂದು ಕಡೆ ಗಟ್ಟಿಯಾಗಿ ಕೆಂಪೇರಿ ಜ್ವರ ಬಂದರೆ ವೈದ್ಯರ ಬಳಿ ಹೋಗಬೇಕು, ಹಾಗೆಂದು ಹಾಲೂಡಿಸುವುದನ್ನು ನಿಲ್ಲಿಸಬೇಕಾಗಿಲ್ಲ. ಹಾಲು ಸಾಲುತ್ತಿದೆಯೇ ಎಂಬ ವಿಚಾರಕ್ಕೆ ಆ ನರ್ಸ್ ಬಂದದ್ದು ಇದೆಲ್ಲ ಮುಗಿದ ಮೇಲೆ, ಅದೂ ಡೈಪರುಗಳ ಲೆಕ್ಕ ಕೇಳಿ.