ಇಂಗ್ಲೆಂಡಿನ ಬನ್ನಿಗೆ ಊರಿಗೊಂದು ಹೆಸರು
ಅಂಗೈಯಗಲದ ಒಂದು ದುಂಡು ಬ್ರೆಡ್ಡಿಗೆ ಇಂಗ್ಲೆಂಡಿನೊಳಗೇ ಊರಿಂದೂರಿಗೆ ಹೆಸರು ಬದಲಾಗುತ್ತದೆ ಎಂಬುದು ನನಗೆ ಇಂದಿಗೂ ಬೆರಗಿನ ವಿಷಯ. ನಾಟಿಂಗ್‌ಹ್ಯಾಮ್, ಡರ್ಬಿಗಳಲ್ಲಿ ಅದು ‘ಕಾಬ್’, ಕವೆಂಟ್ರಿಯಲ್ಲಿ ‘ಬ್ಯಾಚ್’, ಮ್ಯಾಂಚೆಸ್ಟರ್ ಸುತ್ತಮುತ್ತ ‘ಬಾರ್ಮ್’. ಈ ಕೊನೆಯ ಹೆಸರು ನನಗೆ ಎಲ್ಲಕ್ಕಿಂತ ಪ್ರಿಯ: ಬಿಯರ್ ಹುದುಗುವಾಗ ಮೇಲೇಳುವ ನೊರೆಯೇ ಬಾರ್ಮ್, ಕಾರ್ಖಾನೆಯ ಯೀಸ್ಟ್ ಬರುವ ಮೊದಲು ಹಿಟ್ಟನ್ನು ಉಬ್ಬಿಸಲು ಅದನ್ನು ಬಳಸುತ್ತಿದ್ದುದರಿಂದ, ಆ ಪದ್ಧತಿ ಮರೆಯಾದ ಮೇಲೂ ಅದರ ಗುರುತು ಬೇಕರಿಯ ಮಾತಿನಲ್ಲಿ ಉಳಿದುಕೊಂಡಿದೆ. ಯಾರ್ಕ್‌ಷೈರಿನ ಕೆಲವು ಕಡೆ ‘ಟೀಕೇಕ್’ ಎಂದರೂ ಇದೇ ಸಾದಾ ಬ್ರೆಡ್ಡು. ಉಳಿದೆಡೆ ಆ ಹೆಸರಿನಲ್ಲಿ ಕೇಳಿದರೆ ಒಣದ್ರಾಕ್ಷಿ ಬೆರೆಸಿದ್ದನ್ನು ಕೊಡುತ್ತಾರೆ.

ಇಂತಹ ಆಡುನುಡಿಯನ್ನು ಕೀಳೆಂದು ಕಡೆಗಣಿಸದೆ, ಲೀಡ್ಸ್ ವಿಶ್ವವಿದ್ಯಾಲಯದ ಹೆರಾಲ್ಡ್ ಆರ್ಟನ್ ಅವರ ನೇತೃತ್ವದಲ್ಲಿ 1950ರಿಂದ 1961ರವರೆಗೆ 313 ಸ್ಥಳಗಳಲ್ಲಿ ಸಮೀಕ್ಷೆ ನಡೆಸಿದರು. ಹೆಚ್ಚಿನವು ಹಳ್ಳಿಗಳು; ಮಾತನಾಡಿದವರಲ್ಲಿ ಬಹುಪಾಲು ವಯಸ್ಸಾದ ರೈತಾಪಿ ಜನ. ಮನೆ, ಕೊಟ್ಟಿಗೆ, ಹೊಲಗಳ ವಸ್ತುಗಳಿಗೆ ಅವರು ಹೇಳಿದ ಹೆಸರುಗಳನ್ನು ಉಚ್ಚಾರಣೆಯ ಸಮೇತ ಬರೆದುಕೊಂಡ ಆ ತಾಳ್ಮೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಒಂದೇ ‘ಸರಿಯಾದ’ ಇಂಗ್ಲಿಷನ್ನು ಕಲಿಸುವ ನಮ್ಮ ಶಾಲೆಗಳ ಪಾಠಪುಸ್ತಕದಲ್ಲಿ ಈ ಸಮೀಕ್ಷೆಯ ಒಂದು ನಕ್ಷೆಯಾದರೂ ಇರಲಿ ಎಂಬುದು ನನ್ನ ಆಸೆ.