“ಯಾರೂ ಇಲ್ಲ ಅಂಕಲ್”

ಭಾನುವಾರದ ಮದುವೆಯಲ್ಲಿ ಕೇಳಿದ ಮೂರು ಸಾಲಿನ ಮಾತು ಈ ವಾರವಿಡೀ ನನ್ನನ್ನು ಬಿಟ್ಟಿಲ್ಲ. ಗೋದಾಮಿನಲ್ಲಿ ಕೇಬಲ್ ಸುತ್ತುವಾಗಲೂ ಅದೇ, ಗೋಣಿಕೊಪ್ಪದ ಪೇಟೆಯಲ್ಲಿ ಮೀನಿಗೆ ಚೌಕಾಸಿ ಮಾಡುವಾಗಲೂ ಅದೇ.

“ಇದನ್ನು ಬಾರಿಸುತ್ತಿರುವವನು ಯಾರು?”

“ಯಾರೂ ಇಲ್ಲ ಅಂಕಲ್. ಕಂಪ್ಯೂಟರ್.”

“ಯಾರೂ ಇಲ್ಲವೇ? ಹಾಗಾದರೆ ಕೈ ನೋಯುವುದು ಯಾರಿಗೆ?”

ಕೇಳಿದವರು ವಾಲಗದ ಡೋಲಿನಜ್ಜ. ಉತ್ತರ ಕೊಟ್ಟವನು ಮದುಮಗನ ಕಡೆಯ ಹುಡುಗ, ಬೆಂಗಳೂರಿನಲ್ಲಿ ಇರುವವನು, ಡ್ರಮ್ ಆಂಡ್ ಬೇಸ್ ಎಂಬ ವೇಗದ ಎಲೆಕ್ಟ್ರಾನಿಕ್ ಸಂಗೀತ ಮಾಡುವವನು. ಅಜ್ಜನ ಕಿವಿಯ ಮೇಲೆ ಅವನ ದಪ್ಪ ಹೆಡ್‌ಫೋನ್ ಕುಳಿತಿತ್ತು. ರುಮಾಲು ತೆಗೆಯದೆ ಅದನ್ನು ಹಾಕಿಕೊಂಡಿದ್ದರಿಂದ ಒಂದು ಕಡೆ ಜಾರಿತ್ತು, ಅವರು ಅದನ್ನು ಕೋಲು ಹಿಡಿಯುವ ಕೈಯಿಂದಲೇ ಒತ್ತಿಕೊಂಡಿದ್ದರು. ಆ ಕೈಯ ಹೆಬ್ಬೆರಳಿನ ಬುಡದಲ್ಲಿ ಬಿಳಿ ಬಟ್ಟೆಯ ಪಟ್ಟಿ, ಪಟ್ಟಿಯ ಅಂಚಿನಲ್ಲಿ ಒಣಗಿದ ರಕ್ತ. ಅವರನ್ನು ಅಂಕಲ್ ಎಂದು ಕರೆದವರು ಅದಕ್ಕೆ ಮೊದಲು ಯಾರಾದರೂ ಇದ್ದರೋ ಇಲ್ಲವೋ!

ನಾನು ಮೈಕ್ ಸೆಟ್ಟಿನವನು. ಮದುವೆ, ಕೌಟುಂಬಿಕ ಹಾಕಿ, ಚುನಾವಣಾ ಭಾಷಣ, ಶಾಲಾ ವಾರ್ಷಿಕೋತ್ಸವ, ಎಲ್ಲದಕ್ಕೂ ಪೆಟ್ಟಿಗೆ ಹೊರುತ್ತೇನೆ. ಮದುವೆಯಲ್ಲಿ ನನ್ನ ಕೆಲಸ ಊಟದ ನಂತರವೇ. ಅದಕ್ಕೆ ಮೊದಲು ಅಂಗಳವೆಲ್ಲ ವಾಲಗದವರದು. ಅವರಿಗೆ ಮೈಕ್ ಬೇಕಿಲ್ಲ, ಕರೆಂಟ್ ಬೇಕಿಲ್ಲ, ಮಳೆ ಬಂದು ಲೈನ್ ಹೋದರೂ ಅವರ ಸದ್ದು ಹೋಗುವುದಿಲ್ಲ. ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ.

ಗಂಗಾಪೂಜೆಯನ್ನು ಕೊಡಗಿನಲ್ಲಿ ನೋಡಿದವರಿಗೆ ವಿವರಿಸಬೇಕಾಗಿಲ್ಲ. ಮದುಮಗಳು ತಲೆಯ ಮೇಲೆ ನೀರಿನ ಬಿಂದಿಗೆ ಹೊತ್ತು ಬರಬೇಕು, ಗಂಡಿನ ಕಡೆಯವರು ದಾರಿ ಬಿಡದೆ ಎದುರು ನಿಂತು ಕುಣಿಯಬೇಕು. ಅವಳು ಒಂದು ಹೆಜ್ಜೆ ಮುಂದಿಟ್ಟರೆ ಇವರು ಅರ್ಧ ಹೆಜ್ಜೆ ಹಿಂದೆ. ಈ ಸಲ ಅದು ಒಂದು ಗಂಟೆಯನ್ನೂ ಮೀರಿ ಎಳೆಯಿತು. ಎಳೆದದ್ದು ಮದುಮಗನ ಸೋದರಮಾವ. ಕುಣಿಯಲು ಬರುವುದಿಲ್ಲ, ನಿಲ್ಲಿಸಲೂ ಬರುವುದಿಲ್ಲ, ಅಂಥವರು ಪ್ರತಿ ಮದುವೆಯಲ್ಲೂ ಒಬ್ಬರಿರುತ್ತಾರೆ. ಎಲ್ಲರೂ ಪಾಪ ಎಂದದ್ದು ಮದುಮಗಳಿಗೆ. ಅವಳ ಕತ್ತನ್ನು, ಅವಳ ತಾಳ್ಮೆಯನ್ನು ಹೊಗಳಿದರು. ಅಷ್ಟು ಹೊತ್ತೂ ಒಂದು ಪೆಟ್ಟು ತಪ್ಪದಂತೆ ಬಾರಿಸಿದವರ ಮುಖ ಯಾರ ಮೊಬೈಲಿನ ವಿಡಿಯೋದಲ್ಲೂ ಇರಲಿಕ್ಕಿಲ್ಲ. ಇದ್ದರೆ ಡೋಲು ಮತ್ತು ಒಂದು ಮೊಣಕೈ.

ಹುಡುಗ ಮಾತ್ರ ಕುಣಿಯದೆ, ಅಂಗೈಯಗಲದ ರೆಕಾರ್ಡರ್ ಹಿಡಿದು ಡೋಲಿನ ಪಕ್ಕದಲ್ಲೇ ನಿಂತಿದ್ದ. ಊಟದ ಹೊತ್ತಿಗೆ ಲ್ಯಾಪ್‌ಟಾಪ್ ಬಿಚ್ಚಿ, ಆ ಸದ್ದಿನಿಂದ ಒಂದು ತುಣುಕು ಕತ್ತರಿಸಿ, ತನ್ನ ತಾಳದ ಮೇಲೆ ಕೂರಿಸಿಯೂ ಆಗಿತ್ತು. ಕೈಚಳಕದವನು, ಅನುಮಾನವಿಲ್ಲ. ಕೇಳಿಸಲು ಅಜ್ಜನನ್ನು ಹುಡುಕಿಕೊಂಡು ಪಂದಿಕರಿಯ ಪಾತ್ರೆಗಳ ಹಿಂದಿನವರೆಗೂ ಹೋದ ಎನ್ನುವುದೂ ಅವನ ಪರವಾಗಿಯೇ ಇರುವ ಮಾತು. ಬೇರೆಯವನಾಗಿದ್ದರೆ ಅಷ್ಟೂ ಮಾಡುತ್ತಿರಲಿಲ್ಲ.

ಆದರೂ “ಯಾರೂ ಇಲ್ಲ” ಎಂದನಲ್ಲ.

ನನಗೆ ಇದು ಇಷ್ಟು ಚುಚ್ಚಲು ಕಾರಣವಿದೆ. ಬೆಂಗಳೂರಿನಲ್ಲಿ ಡಿಪ್ಲೊಮಾ ಓದುವಾಗ, ತೊಂಬತ್ತರ ದಶಕದ ಕೊನೆಯಲ್ಲಿ, ಈ ಸಂಗೀತಕ್ಕೆ ನಾನೂ ಬಿದ್ದಿದ್ದವನು. ರೂಮಿನ ಗೆಳೆಯನೊಬ್ಬ ಎಲ್ಲಿಂದಲೋ ತಾಲ್ವಿನ್ ಸಿಂಗ್ ಅವರ ಕ್ಯಾಸೆಟ್ ತಂದ. ತಬಲಾ ನುಡಿಸುವ ಲಂಡನ್ನಿನ ಈತ ಹಾಕ್ಸ್‌ಟನ್‌ನ ಬ್ಲೂ ನೋಟ್ ಎಂಬ ಕ್ಲಬ್ಬಿನಲ್ಲಿ ಸೋಮವಾರ ರಾತ್ರಿ ‘ಅನೋಖಾ’ ನಡೆಸುತ್ತಿದ್ದರು. ಅದೇ ಕ್ಲಬ್ಬಿನಲ್ಲಿ ಭಾನುವಾರ ಡ್ರಮ್ ಆಂಡ್ ಬೇಸ್‌ನ ಹೆಸರಾಂತ ಕಲಾವಿದ ಗೋಲ್ಡಿಯ ಮೆಟಲ್‌ಹೆಡ್ಜ್ ಬಳಗದ ಸರದಿ. 1997ರಲ್ಲಿ ಇದೇ ಸಂಗೀತದ, ಬ್ರಿಸ್ಟಲ್‌ನ ರೋನಿ ಸೈಜ್ ತಂಡಕ್ಕೆ ವರ್ಷದ ಅತ್ಯುತ್ತಮ ಆಲ್ಬಮ್‌ಗೆ ಕೊಡುವ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿ ಬಂತು, ಎರಡು ವರ್ಷ ಬಿಟ್ಟು ತಾಲ್ವಿನ್ ಸಿಂಗ್ ಅವರಿಗೆ. ಸ್ಪೀಕರ್ ಎಂದರೇನು ಎಂದು ನನಗೆ ಕಲಿಸಿದ್ದು ಕಾಲೇಜಿಗಿಂತ ಈ ಸಂಗೀತವೇ ಹೆಚ್ಚು. ನಿಮಿಷಕ್ಕೆ 174ರ ಆಸುಪಾಸಿನ ಬಡಿತದಲ್ಲಿ ಡ್ರಮ್ ಓಡುತ್ತದೆ, ಕೆಳಗಿನ ಬೇಸ್, ಅಂದರೆ ತೀರಾ ತಗ್ಗು ದನಿಯ ಸದ್ದು, ಅದರ ಅರ್ಧ ವೇಗದಲ್ಲಿ ಆರಾಮಾಗಿ ನಡೆಯುತ್ತದೆ. ಕುಣಿಯುವವನು ಯಾವುದನ್ನು ಬೇಕಾದರೂ ಹಿಡಿದುಕೊಳ್ಳಬಹುದು. ಆ ಬೇಸ್ ಮೊಬೈಲಿನಲ್ಲಿ ಇರುವುದೇ ಇಲ್ಲ. ಅದಕ್ಕೆ ಹದಿನೆಂಟು ಇಂಚಿನ ಪೆಟ್ಟಿಗೆಯೇ ಬೇಕು, ಕೇಳುವುದಕ್ಕಿಂತ ಮೊದಲು ಎದೆಗೂಡಿಗೆ ತಾಗಬೇಕು.

ಇನ್ನು ಆ ಓಡುವ ಡ್ರಮ್ಮಿನ ವಿಷಯ. ಅದು ಕಂಪ್ಯೂಟರ್ ಅಲ್ಲ, ಬಹುತೇಕ ಒಬ್ಬ ಮನುಷ್ಯ. 1969ರಲ್ಲಿ ಅಮೆರಿಕದ ‘ದಿ ವಿನ್‌ಸ್ಟನ್ಸ್’ ಎಂಬ ತಂಡ ಒಂದು ರೆಕಾರ್ಡ್ ತಂದಿತು. ಮುಂಬದಿಯ ಹಾಡು ಗೆದ್ದಿತು, ಗ್ರ್ಯಾಮಿಯನ್ನೂ ತಂದಿತು. ಹಿಂಬದಿಗೆ ಹಾಕಿದ್ದು ‘ಅಮೆನ್, ಬ್ರದರ್’ ಎಂಬ ವಾದ್ಯಸಂಗೀತ. ಅದರ ನಡುವೆ ಒಮ್ಮೆ ಎಲ್ಲರೂ ಸುಮ್ಮನಾಗುತ್ತಾರೆ, ಡ್ರಮ್ಮರ್ ಗ್ರೆಗರಿ ಕೋಲ್‌ಮನ್ ಒಬ್ಬರೇ ಆರೇಳು ಸೆಕೆಂಡು ಬಾರಿಸುತ್ತಾರೆ. ಅಷ್ಟೇ. ಇಂಗ್ಲೆಂಡಿನ ಹುಡುಗರು ತೊಂಬತ್ತರ ದಶಕದ ಮೊದಲಲ್ಲಿ ಆ ತುಣುಕನ್ನು ಸ್ಯಾಂಪ್ಲರ್ ಯಂತ್ರಕ್ಕೆ ತುಂಬಿ, ವೇಗ ಏರಿಸಿ, ಕೊಚ್ಚಿ, ಹಿಂದುಮುಂದಾಗಿ ಜೋಡಿಸಿದರು. ಜಂಗಲ್ ಎಂಬ ಸಂಗೀತ ಎದ್ದು ನಿಂತದ್ದು ಹಾಗೆ, ಅದರಿಂದಲೇ ಮುಂದೆ ಡ್ರಮ್ ಆಂಡ್ ಬೇಸ್. ಸಾವಿರಾರು ಹಾಡುಗಳಲ್ಲಿ ಆ ಒಂದೇ ಕೈ ಬಿದ್ದಿದೆ. ಕೋಲ್‌ಮನ್ 2006ರಲ್ಲಿ ಅಟ್ಲಾಂಟಾದಲ್ಲಿ ತಲೆಯ ಮೇಲೊಂದು ಸೂರಿಲ್ಲದೆ ತೀರಿಕೊಂಡರು. ಆ ಆರೇಳು ಸೆಕೆಂಡುಗಳಿಂದ ಅವರಿಗೆ ಬಿಡಿಗಾಸೂ ಬರಲಿಲ್ಲ. 2015ರಲ್ಲಿ ಬ್ರಿಟನ್ನಿನ ಅಭಿಮಾನಿಗಳಿಂದ ಚಂದಾ ಎತ್ತಿ ಸುಮಾರು 24,000 ಪೌಂಡ್ ಕೊಟ್ಟರು, ಅದೂ ತಂಡದ ನಾಯಕ ರಿಚರ್ಡ್ ಸ್ಪೆನ್ಸರ್ ಅವರಿಗೆ. ಬಾರಿಸಿದವರು ಹೋಗಿ ಒಂಬತ್ತು ವರ್ಷವಾಗಿತ್ತು.

ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ತಂಡದ ಡ್ರಮ್ಮರ್ ಕ್ಲೈಡ್ ಸ್ಟಬಲ್‌ಫೀಲ್ಡ್ ಅವರದೂ ಇದೇ ಕಥೆ. 1970ರ ಹಾಡಿನಲ್ಲಿ ಅವರು ಬಾರಿಸಿದ ತುಣುಕು ಲೋಕವೆಲ್ಲ ಸುತ್ತಿತು. ರಚನೆಯ ಹಕ್ಕು ಹಾಡು ಬರೆದವರದು, ಬಾರಿಸಿದವನದು ಅಂದಿನ ಕೂಲಿ.

ಇದನ್ನೆಲ್ಲ ಹುಡುಗನಿಗೆ ನಾನು ಹೊಸದಾಗಿ ಹೇಳಬೇಕಾಗಿರಲಿಲ್ಲ. ಸಂಜೆ ಅವನು ಕೇಬಲ್ ಸುತ್ತಲು ನನಗೆ ಕೈಜೋಡಿಸಿದ, ಅವನಿಗೆ ಎಲ್ಲವೂ ಗೊತ್ತು. ನನಗಿಂತ ಹೆಚ್ಚೇ ಗೊತ್ತು. ಬ್ರಿಟನ್ನಿನ ಗಾಯಕಿ ನಯಾ ಆರ್ಕೈವ್ಸ್ ಅವರ 2024ರ ಆಲ್ಬಮ್ ಕೇಳಿದ್ದೀರಾ ಅಂಕಲ್ ಎಂದ. ಕೇಳಿದ್ದೇನೆ, ಚೆನ್ನಾಗಿದೆ. ಹಳೆಯ ಜಂಗಲ್ ಡ್ರಮ್ಮುಗಳ ಮೇಲೆ ಒಂಟಿತನದ ಹಾಡುಗಳನ್ನು ಹಾಡಿದ್ದಾಳೆ ಆ ಹುಡುಗಿ, ಮರ್ಕ್ಯುರಿಯ ಪಟ್ಟಿಗೂ ಬಂದಿತ್ತು. ಚೇಸ್ ಆಂಡ್ ಸ್ಟೇಟಸ್ ಜೋಡಿ ಅದೇ ವರ್ಷ ಬ್ರಿಟ್ ಪ್ರಶಸ್ತಿಗಳಲ್ಲಿ ವರ್ಷದ ನಿರ್ಮಾಪಕರಾಗಿ, ರ್‍ಯಾಪರ್ ಸ್ಟಾರ್ಮ್ಜಿ ಜೊತೆಗಿನ ಹಾಡನ್ನು ಬ್ರಿಟನ್ನಿನ ಮೊದಲ ಸ್ಥಾನಕ್ಕೆ ಏರಿಸಿತು ಎಂದು ಹೇಳುವಾಗ ಅವನ ಕಣ್ಣು ತನ್ನದೇ ಮನೆಯವರು ಗೆದ್ದಂತೆ ಹೊಳೆಯುತ್ತಿತ್ತು. ನನಗೆ ಆ ಹಾಡು ಅಷ್ಟೇನೂ ಹಿಡಿಸಿಲ್ಲ. ಎದೆಗೆ ಗುದ್ದುತ್ತದೆ, ಗುದ್ದಿ ಹೋಗುತ್ತದೆ. ಗೋಲ್ಡಿ 1995ರಲ್ಲಿ ಇಪ್ಪತ್ತು ನಿಮಿಷಕ್ಕೂ ಮೀರಿದ ಒಂದೇ ಹಾಡಿನಿಂದ ಆಲ್ಬಮ್ ಶುರು ಮಾಡಿದ್ದರು, ಇವತ್ತು ಅಷ್ಟು ಹೊತ್ತು ಕೂತು ಕೇಳುವವರು ಯಾರು ಎಂದೆ. ಹುಡುಗ ನಕ್ಕ. ಹಳಬರೆಲ್ಲ ಹೇಳುವುದು ಇದನ್ನೇ ಎಂಬ ನಗು.

ಕೋಲ್‌ಮನ್ ಹೆಸರು ಗೊತ್ತಿದ್ದವನು, ಅವರು ಎಲ್ಲಿ ಹೇಗೆ ಸತ್ತರೆಂದು ಗೊತ್ತಿದ್ದವನು, ಎದುರಿಗೆ ಕುಳಿತ ಡೋಲಿನವರಿಗೆ ಯಾರೂ ಇಲ್ಲ ಎಂದದ್ದು ಹೇಗೆ? ಬೇಕೆಂದೇ ಹೇಳಿದ್ದಲ್ಲ. ಸುಲಭವಾಗಿ ಅರ್ಥವಾಗಲಿ ಎಂದು ಹೇಳಿದ್ದು. ನನ್ನನ್ನು ಕಾಡುವುದು ಆ ಸುಲಭವೇ.

ಅಜ್ಜನ ದನಿಯನ್ನೂ ಮತ್ತೆ ಮತ್ತೆ ನೆನಪು ಮಾಡಿಕೊಳ್ಳುತ್ತೇನೆ. ಒಮ್ಮೆ ಅದು ತಮಾಷೆಯಂತೆ ಕೇಳುತ್ತದೆ. ಇನ್ನೊಮ್ಮೆ ನಿಜವಾಗಿಯೂ ಆ ಬಾರಿಸುವವನ ಮೇಲಿನ ಕನಿಕರದಂತೆ. ಗಂಟೆಗಟ್ಟಲೆ ಬಾರಿಸಿ ಬಂದ ಮನುಷ್ಯ ತನಗಿಂತ ಎರಡು ಪಟ್ಟು ವೇಗದ ಕೈಯನ್ನು ಕೇಳಿ, ಪಾಪ, ಇವನಿಗೆ ಯಾರು ನಿಲ್ಲಿಸು ಎನ್ನಬೇಕು ಎಂದು ಯೋಚಿಸಿರಬಹುದು.

ತಮ್ಮದೇ ಡೋಲನ್ನು ಅವರು ಅದರಲ್ಲಿ ಗುರುತಿಸಲಿಲ್ಲ. ಗುರುತಿಸುವುದು ಕಷ್ಟವೂ ಹೌದು. ನನ್ನ ಕಿವಿಗೆ ವಾಲಗದ ನಡೆ ಮೂರರ ತೂಗಾಟ. ಕೊನೆಯ ಪೆಟ್ಟು ಕೂದಲೆಳೆಯಷ್ಟು ತಡವಾಗಿ ಬೀಳುತ್ತದೆ, ಕುಣಿಯುವವನ ತೋಳು ಮೇಲೇಳುವುದು ಆ ತಡದಲ್ಲಿಯೇ. ಡ್ರಮ್ ಆಂಡ್ ಬೇಸ್ ನಾಲ್ಕರ ಲೆಕ್ಕದ್ದು. ಹುಡುಗ ಪರದೆಯ ಮೇಲೆ ಪ್ರತಿ ಪೆಟ್ಟನ್ನೂ ಮೌಸಿನಿಂದ ಎಳೆದು ಗೆರೆಗೆ ತಂದು ನಿಲ್ಲಿಸಿದ್ದ, ತೂಗಾಟ ಹೋಗಿ ಕವಾಯತು ಆಗಿತ್ತು. ಆ ತಡವನ್ನು ಹಾಗೇ ಬಿಡು, ಬೇಸನ್ನು ಅದಕ್ಕೆ ಹೊಂದಿಸು ಎಂದೆ. ಈ ಒಂದು ಸಲಹೆಯನ್ನು ಮಾತ್ರ ಅವನು ಬರೆದುಕೊಂಡ.

ಅವನೊಬ್ಬನನ್ನೇ ಅಂದು ಪ್ರಯೋಜನವೇನು? ಕೊಡಗಿನಲ್ಲಿ ಇಬ್ಬರು ಭೇಟಿಯಾದರೆ ಎರಡನೆಯ ಮಾತೇ ಯಾವ ಒಕ್ಕ (ಮನೆತನ), ಯಾವ ಊರು ಎಂಬುದು. ಬಸ್ಸಿನಲ್ಲಿ ಪಕ್ಕ ಕುಳಿತವರ ಮನೆಹೆಸರು ಕೇಳಿ, ಅವರ ಅಜ್ಜಿಯ ತವರಿನವರೆಗೂ ಹೋಗಿ, ವಿರಾಜಪೇಟೆ ತಲುಪುವುದರೊಳಗೆ ನೆಂಟಸ್ತಿಕೆ ಹುಡುಕುವ ಜನ ನಾವು. ಲಗ್ನಪತ್ರಿಕೆಯಲ್ಲಿ ಹೆಸರುಗಳಿಗೆ ಜಾಗ ಸಾಲುವುದಿಲ್ಲ. ಮದುವೆಗೂ ಇವರೇ ಬೇಕು, ಸಾವಿಗೂ ಇವರೇ ಬೇಕು, ಆದರೆ ಇವರಿಗೆ ಮಾತ್ರ ‘ವಾಲಗದವರು’ ಎಂಬ ಒಂದೇ ಹೆಸರು. ವಾಲಗದವರು ಬಂದರಾ, ವಾಲಗದವರಿಗೆ ಊಟ ಆಯಿತಾ, ವಾಲಗದವರಿಗೆ ಕೊಟ್ಟು ಕಳಿಸಿ. ಹಿಂದೆ ಅವರನ್ನು ಎಲ್ಲಿ ಕೂರಿಸುತ್ತಿದ್ದರು ಎಂಬುದನ್ನು ಹಳಬರೇ ಹೇಳಲಿ, ನಾನು ಬರೆಯುವುದಿಲ್ಲ. ಈಗಲೂ ಪಂಕ್ತಿಯ ಯಾವ ತುದಿ ಎಂದು ನೋಡಿದವರಿಗೆ ಗೊತ್ತು. ಲಂಡನ್ನಿನ ಕ್ಲಬ್ಬಿನವರು ಒಬ್ಬನ ಆರು ಸೆಕೆಂಡು ಎತ್ತಿಕೊಂಡರು ಎಂದು ನಾವು ಹಲ್ಲು ಕಡಿಯುತ್ತೇವೆ, ನಮ್ಮ ಅಂಗಳದಲ್ಲಿ ತಲೆಮಾರುಗಟ್ಟಲೆ ಎತ್ತಿಕೊಂಡದ್ದಕ್ಕೆ ಸಂಪ್ರದಾಯ ಎನ್ನುತ್ತೇವೆ.

ಬುಧವಾರ ಹುಡುಗ ಫೋನ್ ಮಾಡಿದ. ಹಾಡು ಮುಗಿದಿದೆ, ಮುಂದಿನ ತಿಂಗಳು ಆನ್‌ಲೈನಿನಲ್ಲಿ ಬಿಡುತ್ತೇನೆ, ಅಜ್ಜನ ಹೆಸರು ಹಾಕಬೇಕು, ಹಣವನ್ನೂ ಕೊಡಬೇಕು, ಎಷ್ಟು ಕೊಟ್ಟರೆ ಸರಿ ಅಂಕಲ್ ಎಂದ. ಅವನನ್ನು ಸುಮ್ಮನೆ ಬೈದುಕೊಂಡೆನೇ ಎನ್ನಿಸುವಷ್ಟು ಸಂಕೋಚದಿಂದ ಕೇಳಿದ. ಬೆಲೆ ಹೇಳಲು ನಾನು ಯಾರು, ಅವರನ್ನೇ ಕೇಳು ಎಂದು ಸಂಜೆ ಪೊನ್ನಂಪೇಟೆ ಕಡೆ ಹೋಗುವಾಗ ಅಜ್ಜನ ಮನೆಯ ಮುಂದೆ ವ್ಯಾನ್ ನಿಲ್ಲಿಸಿ, ಫೋನನ್ನು ಸ್ಪೀಕರಿಗೆ ಹಾಕಿ ಅವರ ಮುಂದೆ ಹಿಡಿದೆ. ಅವರು ಜಗಲಿಯಲ್ಲಿ ಡೋಲಿನ ಹಗ್ಗ ಬಿಗಿಯುತ್ತಿದ್ದರು, ಕೈ ನಿಲ್ಲಿಸಲಿಲ್ಲ.

“ಐದು ಸಾವಿರ ಕಳಿಸಲೇ ಅಂಕಲ್?”

“ಅದು ಒಂದು ಮದುವೆಯದೋ, ಎಲ್ಲ ಮದುವೆಯದೋ?”

ಹುಡುಗನಿಗೆ ಅರ್ಥವಾಗಲಿಲ್ಲ. ಅಜ್ಜ ಬಿಡಿಸಿ ಹೇಳಿದರು. “ನಾನು ಬಾರಿಸಿದ್ದನ್ನು ನೀವು ಒಂದು ಕಡೆ ಹಾಕಿದರೆ ಒಂದು ಮದುವೆ. ನೂರು ಕಡೆ ಹಾಕಿದರೆ ನೂರು ಮದುವೆ. ನಾನು ಮನೆಯಲ್ಲೇ ಕೂತಿರುತ್ತೇನೆ, ನನ್ನ ಡೋಲು ಹೋಗಿ ಬಾರಿಸಿ ಬರುತ್ತದೆ. ಅಲ್ಲವೇ? ಹಾಗಾದರೆ ಎಷ್ಟು ಮದುವೆ ಎಂದು ಯಾರು ಲೆಕ್ಕ ಇಡುತ್ತಾರೆ?”

ವಕೀಲರು ಪುಟಗಟ್ಟಲೆ ಬರೆಯುವ ಹಕ್ಕಿನ ವಿಷಯ ಇಷ್ಟೇ. ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಲೆಕ್ಕ ಕಂಪ್ಯೂಟರೇ ಇಡುತ್ತದೆ, ಆದರೆ ಒಂದು ಸಲ ಕೇಳಿದರೆ ಬರುವುದು ಪೈಸೆಗಳಲ್ಲಿ ಎಂದ.

“ಪೈಸೆಯಲ್ಲೇ ಕೊಡಿ. ಬಾರಿಸಲು ಕಂಪ್ಯೂಟರ್, ಲೆಕ್ಕಕ್ಕೂ ಕಂಪ್ಯೂಟರ್. ಅದಕ್ಕೆ ಮರೆವು ಇಲ್ಲವಷ್ಟೇ?”

ಅರ್ಧ ಪಾಲು ಎಂದು ಹುಡುಗ ಒಪ್ಪಿದ. ಕಾಗದದ ಮೇಲೆ ಬರೆದು ಕಳಿಸು, ಹಾಡು ಬಿಡುವ ಮೊದಲೇ ಕಳಿಸು ಎಂದು ನಾನು ನಡುವೆ ಬಾಯಿ ಹಾಕಿದೆ. ಹೆಸರನ್ನು ಆಧಾರ್ ಕಾರ್ಡ್ ನೋಡಿ ಅಕ್ಷರ ಅಕ್ಷರವಾಗಿ ಓದಿ ಹೇಳಿದ್ದೂ ನಾನೇ. ಕಾಗದ ಇನ್ನೂ ಬಂದಿಲ್ಲ, ವಾರಾಂತ್ಯದವರೆಗೆ ನೋಡಿ ಮತ್ತೆ ಫೋನ್ ಮಾಡುತ್ತೇನೆ.

ಹೊರಡುವಾಗ ಅಜ್ಜ ವ್ಯಾನಿನ ತನಕ ಬಂದರು. ನನ್ನನ್ನು ಅವರು ಕರೆಯುವುದು ‘ಮೈಕಿನವರೇ’ ಎಂದು. “ಮೈಕಿನವರೇ, ಬರುವ ಭಾನುವಾರವೂ ನಾವಿಬ್ಬರೂ ಒಂದೇ ಕಡೆ. ನಿಮ್ಮ ಆ ದೊಡ್ಡ ಪೆಟ್ಟಿಗೆಗಳನ್ನು ಅಂಗಳದಿಂದ ಆಚೆ ಇಡಿ. ಮೊನ್ನೆ ನೀವು ಅದನ್ನು ಪರೀಕ್ಷೆಗೆಂದು ಗುಡುಗಿಸಿದಾಗ ನನ್ನ ಡೋಲಿನ ಚರ್ಮ ತಾನಾಗಿಯೇ ನಡುಗುತ್ತಿತ್ತು. ನಾನು ಬಾರಿಸಿದ್ದು ಯಾವುದು, ನಿಮ್ಮದು ಯಾವುದು ಎಂದು ಕೈಗೆ ತಿಳಿಯಲಿಲ್ಲ.”

ಒಪ್ಪಿಕೊಂಡಿದ್ದೇನೆ. ಪೆಟ್ಟಿಗೆಗಳು ಅಂಗಳದ ಆಚೆ, ಕಾರು ನಿಲ್ಲಿಸುವ ಜಾಗದಲ್ಲಿ. ಮದುವೆಯ ಮನೆಯವರಿಗೆ ಇನ್ನೂ ಹೇಳಿಲ್ಲ.