ಬಚ್ಚಲೊಲೆಯ ಹಿಂದಿನ ಕೋಣೆ

ನಾನು ಚಿತ್ರ ಬರೆಯುವ ಜಾಗ ನಮ್ಮ ಬಚ್ಚಲೊಲೆಯ ಹಿಂದಿದೆ. ಹೇಳಿದರೆ ಎಲ್ಲರೂ ನಗುತ್ತಾರೆ. ನಮ್ಮದು ಸೋಮವಾರಪೇಟೆ ಕಡೆ ಸಣ್ಣದೊಂದು ಕಾಫಿ ತೋಟದ ಮನೆ. ಮಹಡಿಯಲ್ಲಿ ದೊಡ್ಡ ಕಿಟಕಿಯ ಕೋಣೆ ಇದೆ. ಮೋಡ ಇಲ್ಲದ ದಿನ ಅಲ್ಲಿಂದ ಪುಷ್ಪಗಿರಿ ಬೆಟ್ಟವೂ ಕಾಣುತ್ತದೆ. ಅದನ್ನು ಬಿಟ್ಟು ಹೊಗೆ ವಾಸನೆಯ ಈ ಮೂಲೆಗೆ ಬರಲು ಕಾರಣ ಬೂಷ್ಟು.

ಮೊದಲು ಮಹಡಿಯಲ್ಲೇ ಮೇಜು ಹಾಕಿದ್ದೆ. ಬೇಸಿಗೆಯಲ್ಲಿ ಎಲ್ಲಾ ಚೆನ್ನಾಗಿತ್ತು. ಜುಲೈನಲ್ಲಿ ಪುನರ್ವಸು ಮಳೆ ಹಿಡಿದು ಎಂಟು ದಿನ ಬಿಡಲಿಲ್ಲ. ಒಂದು ಬೆಳಿಗ್ಗೆ ಹೊಸ ಹಾಳೆ ತೆಗೆದು ಆಕಾಶಕ್ಕೆ ತೆಳು ನೀಲಿ ಎಳೆದೆ. ಬಣ್ಣ ಹರಡುತ್ತಿದ್ದ ಹಾಗೇ ಅಲ್ಲಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಗಳು ಎದ್ದವು. ಬ್ರಷ್ಷಿನಲ್ಲಿ ಸವರಿದಷ್ಟೂ ಜಾಸ್ತಿ. ಹಾಳೆ ನೋಡೋಕೆ ಬೆಳ್ಳಗೇ ಇತ್ತು, ಮುಟ್ಟಿದರೂ ಗೊತ್ತಾಗುತ್ತಿರಲಿಲ್ಲ.

ಆಮೇಲೆ ಓದಿ ತಿಳಿದುಕೊಂಡೆ. ಜಲವರ್ಣದ ಕಾಗದಕ್ಕೆ ಜೆಲಟಿನ್ ಥರದ ಒಂದು ಅಂಟಿನ ಲೇಪ ಇರುತ್ತದೆ, ಸೈಸಿಂಗ್ ಅಂತಾರೆ. ಬಣ್ಣ ಮೇಲೇ ನಿಲ್ಲುವುದು ಅದರಿಂದ. ತೇವ ಕುಡಿದು ಬೂಷ್ಟು ಅದನ್ನು ತಿಂದರೆ, ಅಷ್ಟು ಜಾಗದಲ್ಲಿ ಹಾಳೆ ಒತ್ತುಕಾಗದದ ಹಾಗೆ ಬಣ್ಣ ಹೀರುತ್ತದೆ. ಐದು ಹಾಳೆ ಹೋಯಿತು. ಕಾಟನ್ ಕಾಗದ, 300 ಜಿಎಸ್‌ಎಂನ ದಪ್ಪನೆಯದು. ಹೊಟ್ಟೆ ಉರಿಯಿತು.

ಅವತ್ತು ಅತ್ತೆ ಹೇಳಿದ್ದು ಒಂದೇ ಮಾತು: "ಹಪ್ಪಳದ ಡಬ್ಬಿ ನಾನು ಎಲ್ಲಿಡ್ತೀನಿ ನೋಡಿದ್ದೀಯಾ?"

ನೋಡಿದ್ದೆ. ಆದರೆ ತಲೆಗೆ ಹೋಗಿರಲಿಲ್ಲ. ಹಪ್ಪಳ, ಹುಣಸೆಹಣ್ಣು, ಒಣಮೆಣಸಿನಕಾಯಿ ಎಲ್ಲಾ ಮಳೆಗಾಲದಲ್ಲಿ ಬಚ್ಚಲೊಲೆಯ ಹಿಂದಿನ ಕೋಣೆಗೆ ಹೋಗುತ್ತವೆ. ಹಂಡೆ ಕಾಯಿಸಲು ಬೆಳಿಗ್ಗೆ ಸಂಜೆ ಎರಡು ಹೊತ್ತೂ ಬೆಂಕಿ ಇರುತ್ತದೆ, ನಡುವಿನ ಗೋಡೆ ಯಾವಾಗಲೂ ಬೆಚ್ಚಗೆ. ಮನೆಯಲ್ಲೆಲ್ಲಾ ಒಣಗಿದ ಜಾಗ ಅದೊಂದೇ. ಅಲ್ಲಿ ಅರ್ಧ ಕೋಣೆ ನನಗೂ ಸಿಕ್ಕಿತು, ಸುಮ್ನೆ ಅಲ್ಲ. ಮೇಲಿನ ಎರಡು ಹಲಗೆ ಅತ್ತೆಯದು, ಅದನ್ನು ಮುಟ್ಟುವ ಹಾಗಿಲ್ಲ.

ಕಿಟಕಿ ಸಣ್ಣದು, ಆದರೆ ಉತ್ತರಕ್ಕಿದೆ. ಅದು ನನ್ನ ಅದೃಷ್ಟ. ಉತ್ತರದ ಕಿಟಕಿಯಲ್ಲಿ ವರ್ಷದ ಹೆಚ್ಚಿನ ದಿನ ಬಿಸಿಲು ನೇರ ಹೊಡೆಯುವುದಿಲ್ಲ, ಬೆಳಕು ಬೆಳಿಗ್ಗೆಯಿಂದ ಸಂಜೆವರೆಗೆ ಹೆಚ್ಚುಕಮ್ಮಿ ಒಂದೇ ಥರ. ಮೇಜಿಗೆ ತೋಟದಲ್ಲಿ ಬಿದ್ದ ಸಿಲ್ವರ್ ಓಕ್ ಮರದ ಹಲಗೆ. ಹಿಂದಿನ ಕಾಲುಗಳ ಕೆಳಗೆ ಎರಡೆರಡು ಹೆಂಚಿನ ಚೂರು ಇಟ್ಟು ಸ್ವಲ್ಪ ಇಳಿಜಾರು ಮಾಡಿದ್ದೇನೆ, ಬಣ್ಣದ ನೀರು ತಾನಾಗಿ ಕೆಳಗೆ ಇಳಿಯಲಿ ಅಂತ. ಹಾಳೆ ನಿಲ್ಲಿಸುವ ಸ್ಟ್ಯಾಂಡು, ಈಸೆಲ್, ಬೇಕೇ ಬೇಕು ಅಂತ ಮೊದಲು ಹಟ ಹಿಡಿದಿದ್ದೆ. ಬೇಡ. ಅದರ ಮೇಲೆ ಹಾಳೆ ನೆಟ್ಟಗೆ ನಿಂತರೆ ಜಲವರ್ಣ ಎಲ್ಲಾ ಸೋರಿ ಹೋಗುತ್ತದೆ.

ಸಾಮಾನು ಸೇರಿಸಿದ್ದು ನಿಧಾನಕ್ಕೆ. ಪೇಟೆಯ ಅಂಗಡಿಯಲ್ಲಿ ಸಿಗುವುದು ಮಕ್ಕಳ ಡ್ರಾಯಿಂಗ್ ಪುಸ್ತಕ, ಕ್ರೇಯಾನ್, ಹನ್ನೆರಡು ಬಿಲ್ಲೆಯ ಬಣ್ಣದ ಡಬ್ಬಿ. ಆನ್‌ಲೈನ್‌ನಲ್ಲಿ ಒಮ್ಮೆ ಕಾಗದ ತರಿಸಿದೆ, ಕೊರಿಯರ್‌ನವರು ಗೇಟಿನ ಹತ್ತಿರ ಮಳೆಯಲ್ಲೇ ಇಟ್ಟು ಹೋದರು. ಈಗ ಮೈಸೂರಿಗೆ ಹೋದಾಗ ನಾನೇ ತರುತ್ತೇನೆ. ದೊಡ್ಡ ಹಾಳೆ, 22 ಇಂಚಿಗೆ 30, ತಂದು ನಾಲ್ಕು ತುಂಡು ಮಾಡಿದರೆ ಪ್ಯಾಡಿಗಿಂತ ಅಗ್ಗ. ಬಸ್ಸಿನಲ್ಲಿ ಹುಣಸೂರು, ಕುಶಾಲನಗರ ದಾಟಿ ಮನೆ ಸೇರುವವರೆಗೂ ಆ ಸುರುಳಿಯನ್ನು ಕೂಸಿನ ಹಾಗೆ ತೊಡೆ ಮೇಲೆ ಇಟ್ಟುಕೊಂಡಿರುತ್ತೇನೆ.

ಬ್ರಷ್ ಮೂರೇ. 12ನೇ ನಂಬರಿನ ದುಂಡು, ಒಂದು ಇಂಚಿನ ಚಪ್ಪಟೆ, ಕೊಂಬೆ ಎಳೆಯಲು ಒಂದು ಸಪೂರದ್ದು. ಮೊದಲು ಹದಿನೈದರ ಸೆಟ್ ಕೊಂಡಿದ್ದೆ, ಹನ್ನೆರಡು ಈಗ ಮಗನ ಕೈಯಲ್ಲಿವೆ. ಪ್ಯಾಲೆಟ್ ಅಂದರೆ ಅಂಚು ಒಡೆದ ಬಿಳಿ ಪಿಂಗಾಣಿ ತಟ್ಟೆ. ನೀರಿಗೆ ಎರಡು ಉಪ್ಪಿನಕಾಯಿ ಬಾಟಲಿ. ಒರೆಸಲು ಮಾವನ ಹಳೇ ಪಂಚೆ, ಅದಕ್ಕಿಂತ ಒಳ್ಳೆಯದು ಯಾವ ಅಂಗಡಿಯಲ್ಲೂ ಸಿಗಲ್ಲ.

ಬಣ್ಣ ಟ್ಯೂಬಿನದೇ, ಆರು. ಬಿಲ್ಲೆ ಬಣ್ಣವನ್ನು ಒದ್ದೆ ಇರುವಾಗಲೇ ಮುಚ್ಚಿಟ್ಟರೆ ಇಲ್ಲಿ ಅದಕ್ಕೂ ಬೂಷ್ಟು ಬರುತ್ತದೆ, ಬಣ್ಣ ಹಿಡಿದಿಡುವುದು ಮರದ ಗೋಂದು ತಾನೇ. ಆರರಲ್ಲಿ ನಾನು ಬಿಡಲಾರದ್ದು ಎರಡು: ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನಾ. ಎರಡನ್ನೂ ಕಲಸಿದರೆ ಬೂದು ಬರುತ್ತದೆ. ನೀಲಿ ಒಂದು ಹನಿ ಜಾಸ್ತಿ ಆದರೆ ಮಳೆ ಮೋಡ, ಕಂದು ಜಾಸ್ತಿ ಆದರೆ ನೆನೆದ ಸಿಲ್ವರ್ ಕಾಂಡ. ನಮ್ಮ ಆರು ತಿಂಗಳ ಊರು ಈ ಎರಡು ಟ್ಯೂಬಿನಲ್ಲೇ ಇದೆ. ಕಪ್ಪು ಬಣ್ಣ ಕೊಂಡೇ ಇಲ್ಲ.

ಹಿಂದೊಮ್ಮೆ ಬೆಂಗಳೂರಿನ ಗ್ಯಾಲರಿಯಲ್ಲಿ ಕೆ. ವೆಂಕಟಪ್ಪ (1886–1965) ಅವರ ಊಟಿಯ ಜಲವರ್ಣಗಳನ್ನು ನೋಡಿದ್ದೆ. ಗೋಡೆ ತುಂಬುವಂಥ ಚಿತ್ರಗಳಲ್ಲ. ಮಂಜು ಎಲ್ಲಿ ಮುಗಿದು ಬೆಟ್ಟ ಎಲ್ಲಿ ಶುರುವಾಯಿತು ಅಂತ ಹುಡುಕುತ್ತಾ ಬಹಳ ಹೊತ್ತು ನಿಂತಿದ್ದೆ. ಜೊತೆಗೆ ಬಂದ ತಂಗಿ ಕಾಫಿ ಕುಡಿದು ವಾಪಸ್ ಬಂದರೂ ನಾನು ಅಲ್ಲೇ ಇದ್ದೆ.

ಈಗ ಕಾಗದ ಸ್ಟೀಲ್ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ. ನೀಲಿ ಹರಳು ತೇವ ಕುಡಿದು ಗುಲಾಬಿ ಆದಾಗ ಹಂಡೆ ಮೇಲಿನ ತಟ್ಟೆಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಕರೆಂಟು ಹೋಗುವುದು ಇದ್ದೇ ಇದೆ, ಆಗ ಕುಂಚ ತೊಳೆದು ಏಳುತ್ತೇನೆ. ಎಮರ್ಜೆನ್ಸಿ ಲೈಟಿನಲ್ಲಿ ಹಾಕಿದ ಹಸಿರು ಹಗಲಲ್ಲಿ ನೋಡಿದರೆ ಗಾಬರಿಯಾಗುತ್ತದೆ.

ಒಂದೇ ತಕರಾರು ಉಳಿದಿದೆ. ಒಣಗಿದ ಜಾಗ ಅಂತ ಗೊತ್ತಿರುವುದು ನನಗೆ, ಅತ್ತೆಗೆ ಮಾತ್ರ ಅಲ್ವಲ್ಲ. ಮೊನ್ನೆ ಇವರು ತೋಟದಿಂದ ಬಂದು ನನ್ನ ಮೇಜಿನ ಮೇಲಿನ ಹಗ್ಗಕ್ಕೆ ಒದ್ದೆ ರೇನ್‌ಕೋಟ್ ನೇತುಹಾಕಿದ್ದರು. ಕೆಳಗೆ ಪುಷ್ಪಗಿರಿ ಒಣಗುತ್ತಿತ್ತು. ಅರ್ಧ ಒಣಗಿದ ಬಣ್ಣಕ್ಕೆ ನೀರಿನ ಹನಿ ಬಿದ್ದರೆ ಹೂಕೋಸಿನ ಆಕಾರದ ಕಲೆ ಆಗುತ್ತದೆ. ಬೆಟ್ಟದ ತುದಿಯಲ್ಲಿ ಈಗ ಮೂರು ಹೂಕೋಸು. ಹಗ್ಗವನ್ನು ಎರಡಡಿ ಆಚೆ ಕಟ್ಟಿದ್ದೇನೆ, ಸರಿಯಾಗಿ ಅತ್ತೆಯ ಹಪ್ಪಳದ ಡಬ್ಬಿಯ ಮೇಲೆ. ಅವರಿನ್ನೂ ನೋಡಿಲ್ಲ.